ಪಟದ ಅಂಚಿನಲ್ಲಿ ಕುಳಿತವರು

ಹೋದ ತಿಂಗಳು ನನ್ನ ಮೊಮ್ಮಗಳು ಶಾಲೆಯಿಂದ ಒಂದು ದೊಡ್ಡ ಕಾಗದ ತಂದಳು. ಅದರ ಮೇಲೆ ಮರವೊಂದರ ಚಿತ್ರ. ಕೊಂಬೆಗಳ ಮೇಲೆಲ್ಲ ಖಾಲಿ ಚೌಕಗಳು. ‘ನಿಮ್ಮ ನಿಮ್ಮ ವಂಶವೃಕ್ಷ ಬರೆದು ತನ್ನಿ’ ಎಂದು ಉಪಾಧ್ಯಾಯಿನಿ ಹೇಳಿದ್ದಾರಂತೆ. ಈಗಿನ ಶಾಲೆಗಳಲ್ಲಿ ಇದೊಂದು ವಾಡಿಕೆ. ವರ್ಷಕ್ಕೊಂದು ದಿನ ಹುಡುಗರು ಪಂಚೆ ಉಟ್ಟು, ಹುಡುಗಿಯರು ರೇಷ್ಮೆಯ ಲಂಗ ತೊಟ್ಟು ಹೋಗುತ್ತಾರೆ. ಮತ್ತೊಂದು ದಿನ ಅಜ್ಜಿಯ ಕಾಲದ ತಿಂಡಿಯನ್ನು ಡಬ್ಬಿಯಲ್ಲಿ ಒಯ್ಯುತ್ತಾರೆ. ತಪ್ಪೇನೂ ಇಲ್ಲ. ನಾನೂ ಹುರುಪಿನಿಂದಲೇ ಕನ್ನಡಕ ಏರಿಸಿಕೊಂಡು ಕುಳಿತೆ. ತಂದೆ, ಅಜ್ಜ, ಮುತ್ತಜ್ಜ ಎಂದು ಶ್ರಾದ್ಧದ ದಿನ ಹೇಳಿ ನಾಲಿಗೆಗೆ ರೂಢಿಯಾದ ಮೂರು ಹೆಸರುಗಳು ತಡೆಯಿಲ್ಲದೆ ಬಂದವು.

ತೊಡಕು ಬಂದದ್ದು ಒಂದು ಪಟದಿಂದ. ಹಳೆಯ ಟ್ರಂಕಿನ ತಳದಲ್ಲಿದ್ದ ಮನೆಮಂದಿಯ ಪಟವನ್ನು ಹುಡುಗಿ ಹುಡುಕಿ ತೆಗೆದಳು. ನಡುವೆ ಕುರ್ಚಿಯ ಮೇಲೆ ರುಮಾಲು ಸುತ್ತಿದ ನಮ್ಮ ಅಜ್ಜ; ಕಾಲ ಬಳಿ ಚಕ್ಕಳಮಕ್ಕಳ ಹಾಕಿದ ಮಕ್ಕಳು; ಹಿಂದೆ ನಿಂತ ಹೆಂಗಸರು. ಎಡದ ಅಂಚಿನಲ್ಲಿ, ಅರ್ಧ ಭುಜ ಪಟದಾಚೆ ಉಳಿದುಹೋದಂತೆ, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು ಕುಳಿತ ಒಬ್ಬ ಹೆಂಗಸು. ಆ ಕಾಲದ ಪಟಗಳಲ್ಲಿ ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತು, ಸೀರೆ ಕಪ್ಪಗಿದೆ.

“ತಾತ, ಇವರು ಯಾರು?”

“ಯಾರೋ ದೂರದ ಸಂಬಂಧ ಕಣಮ್ಮ.”

ಇದು ಸುಳ್ಳು. ಆಕೆ ನನ್ನ ಅಜ್ಜನ ಒಡಹುಟ್ಟಿದ ತಂಗಿ. ಒಂಬತ್ತನೆಯ ವಯಸ್ಸಿಗೆ ವಿಧವೆಯಾಗಿ ತವರಿಗೆ ಬಂದು, ತಲೆ ಬೋಳಿಸಿಕೊಂಡು, ಹಿತ್ತಲ ಕಡೆಯ ಕೋಣೆಯಲ್ಲಿ ಬಾಳು ಸವೆಸಿದವಳು. ತಾಯಿಯಿಲ್ಲದ ನನ್ನ ತಂದೆಯನ್ನು ಸಾಕಿದವಳೂ ಆಕೆಯೇ. ಹನ್ನೊಂದು ವರ್ಷದ ಹುಡುಗಿಗೆ ಇದನ್ನೆಲ್ಲ ಹೇಗೆ ಹೇಳುವುದೆಂಬ ಸಂಕೋಚವೋ, ಮನೆತನದ ಮಾನವೆಂಬ ಹಳೆಯ ರೋಗವೋ, ಸುಳ್ಳು ಸಲೀಸಾಗಿ ಹೊರಬಿತ್ತು. ಆ ರಾತ್ರಿ ನಿದ್ರೆ ಬರಲಿಲ್ಲ. ಕಪಾಟಿನಿಂದ ಎರಡು ಕಾದಂಬರಿಗಳನ್ನು ಇಳಿಸಿಕೊಂಡೆ. ಈ ಲೇಖನಕ್ಕೆ ಅದೇ ಕಾರಣ.

ಒಂದು, 1965ರಲ್ಲಿ ಬಂದ ಭೈರಪ್ಪನವರ ‘ವಂಶವೃಕ್ಷ’. ಇನ್ನೊಂದು, 1968ರಲ್ಲಿ ಬಂದ ಕಾರಂತರ ‘ಮೂಕಜ್ಜಿಯ ಕನಸುಗಳು’. ಎರಡಕ್ಕೂ ನಡುವೆ ಮೂರೇ ವರ್ಷ. ಎರಡರ ಮೇಲೂ ಬೇಕಾದಷ್ಟು ಚರ್ಚೆ ನಡೆದಿದೆ. ಮೊದಲನೆಯದನ್ನು ಧರ್ಮಸಂಕಟದ ಕಾದಂಬರಿಯೆಂದು, ಎರಡನೆಯದನ್ನು ದೇವರುಗಳ ಕಥೆಯೆಂದು ಓದುವುದು ರೂಢಿ. ನನಗೆ ಆ ರಾತ್ರಿ ಕಂಡದ್ದು ಬೇರೆ. ತನ್ನ ಮನೆಯ ಹಿಂದಿನದನ್ನು ಮಕ್ಕಳು ತಿಳಿಯುವ ಬಗೆ ಯಾವುದು, ಹಿರಿಯರು ಅದನ್ನು ತಿಳಿಸುವ ಬಗೆ ಯಾವುದು ಎಂಬ ಒಂದೇ ಪ್ರಶ್ನೆಗೆ ಎರಡೂ ಎದುರುಬದುರಾಗಿ ನಿಂತು ಉತ್ತರ ಹೇಳುತ್ತವೆ.

‘ವಂಶವೃಕ್ಷ’ದ ಕಥೆ ಓದುಗರಿಗೆ ಗೊತ್ತಿರುವುದೇ, 1971ರ ಚಲನಚಿತ್ರವನ್ನು ನೋಡಿದವರೂ ಬಹಳ ಮಂದಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯ ಪಾಲಾಗುತ್ತಾನೆ. ಎಳೆಯ ಸೊಸೆ ಕಾತ್ಯಾಯನಿ ಮೈಸೂರಿಗೆ ಹೋಗಿ ಓದುತ್ತಾಳೆ, ಮರುಮದುವೆಯಾಗುತ್ತಾಳೆ; ಮಗು ಚೀನಿ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಮನೆತನದ ಕುಡಿ ಯಾರಿಗೆ ಸೇರಿದ್ದು ಎಂಬುದು ಮೇಲೆ ಕಾಣುವ ವಾದ. ಆ ವಾದದಲ್ಲಿ ಲೇಖಕರ ಒಲವು ಶ್ರೋತ್ರಿಗಳ ಕಡೆಗೆ ವಾಲಿದೆಯೆಂಬ ಆಕ್ಷೇಪಣೆ ಹಳೆಯದು. ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಕಾತ್ಯಾಯನಿಗೆ ಒದಗುವ ಕಷ್ಟಗಳ ಸಾಲನ್ನು ನೋಡಿದರೆ, ಬದುಕು ಆಕೆಯನ್ನು ಶಿಕ್ಷಿಸಿತೋ ಕಾದಂಬರಿಕಾರರೇ ಶಿಕ್ಷಿಸಿದರೋ ಎಂಬ ಅನುಮಾನ ಬರುತ್ತದೆ.

ಆದರೆ ಈ ಕೃತಿಯ ನಿಜವಾದ ಕಸುವು ಕೊನೆಯ ಭಾಗದಲ್ಲಿದೆ. ವಂಶದ ಪಾವಿತ್ರ್ಯವನ್ನೇ ಉಸಿರಾಗಿಸಿಕೊಂಡು ಬಾಳಿದ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ತಾವು ತಂದೆಯೆಂದು ತರ್ಪಣ ಬಿಟ್ಟವರು ತಮ್ಮ ತಂದೆಯಲ್ಲ. ಆಸ್ತಿ ದಾಯಾದಿಯ ಕೈ ಸೇರಬಾರದೆಂಬ ಹಟದಿಂದ ಹೂಡಿದ ಉಪಾಯದ ಫಲ ತಾವು. ಇಲ್ಲಿ ಒಂದು ಮಾತನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಈ ಕಾದಂಬರಿಯಲ್ಲಿ ವಂಶದ ಬೇರನ್ನು ಅರಸಿ ಹೊರಡುವ ಮಗು ಚೀನಿಯಲ್ಲ, ನರೆತ ಶ್ರೋತ್ರಿಗಳೇ. ಬಾಲ್ಯದಲ್ಲಿ ಯಾರೂ ಹೇಳದಿದ್ದುದನ್ನು ಆತ ಮುದುಕನಾಗಿ ಕೇಳಿ ತಿಳಿಯಬೇಕಾಯಿತು. ಆ ವೇಳೆಗೆ ಅದೇ ವಂಶದ ಹೆಸರಿನಲ್ಲಿ ಒಬ್ಬ ತಾಯಿ ಮಗುವನ್ನು ಬಿಟ್ಟು ಬರಿಗೈಯಲ್ಲಿ ಮರಳಿ ಹೋಗಿದ್ದಾಳೆ. ಒಂದು ತಲೆಮಾರು ಮುಚ್ಚಿಟ್ಟ ಸಂಗತಿಗೆ ಮುಂದಿನ ಎರಡು ತಲೆಮಾರು ಬೆಲೆ ತೆತ್ತವು. ಶ್ರೋತ್ರಿಗಳ ಹಿರಿಮೆಯೆಂದರೆ, ತಿಳಿದ ಮೇಲೆ ತಿಳಿಯದವರಂತೆ ಅವರು ಕೂರುವುದಿಲ್ಲ. ತಮ್ಮದಲ್ಲವೆನಿಸಿದ ಆಸ್ತಿಯನ್ನೂ ಮನೆಯನ್ನೂ ಬಿಟ್ಟು ಹೊರಡುತ್ತಾರೆ. ಸಾಯುತ್ತಿರುವ ಕಾತ್ಯಾಯನಿಯ ಬಾಯಿಗೆ ಚೀನಿಯ ಕೈಯಿಂದ ಗಂಗೆ ಹಾಕಿಸುವ ಸನ್ನಿವೇಶ ಬರೆಯುವುದು ಸುಲಭವಲ್ಲ. ಸ್ವಲ್ಪ ಜಾರಿದ್ದರೂ ಅದು ನಾಟಕದ ಅಳುವಾಗುತ್ತಿತ್ತು, ಆಗಿಲ್ಲ.

ಕಾರಂತರ ಅಜ್ಜಿಯದು ಬೇರೆಯೇ ದಾರಿ. ಆಕೆಯೂ ಎಳೆತನದಲ್ಲೇ ಗಂಡನನ್ನು ಕಳೆದುಕೊಂಡವಳು. ಮೂಕಾಂಬಿಕೆಯೆಂಬ ಹೆಸರು ಸವೆದು ಮೂಕಜ್ಜಿಯಾಗಿದೆ. ಮಾತು ಬಾರದವಳೆಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. ಮೊಮ್ಮಗ ಸುಬ್ಬರಾಯ ಮಾಡುವುದು ಒಂದೇ ಕೆಲಸ. ಎಲ್ಲಾದರೂ ಹಳೆಯ ವಸ್ತು ಸಿಕ್ಕಿದರೆ ತಂದು ಅಜ್ಜಿಯ ಕೈಯಲ್ಲಿಡುತ್ತಾನೆ, ಕೇಳುತ್ತಾನೆ. ಆಕೆಗೆ ಅದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಕಾಣುತ್ತದೆ. ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ದೇವರುಗಳು ಕಾಲಕಾಲಕ್ಕೆ ಹೇಗೆ ಬದಲಾದರು, ಒಬ್ಬರನ್ನು ತಳ್ಳಿ ಇನ್ನೊಬ್ಬರು ಹೇಗೆ ಬಂದರು, ಹೆಣ್ಣುಗಂಡಿನ ಕೂಟವನ್ನು ಹೊಲಸೆಂದು ಎಣಿಸಿದವರು ಏನನ್ನು ಕಳೆದುಕೊಂಡರು, ಎಲ್ಲವೂ ಬರುತ್ತದೆ. ಗಂಡನ ಮನೆ ಬಿಟ್ಟು ಊರ ಬಾಯಿಗೆ ಬಿದ್ದ ನಾಗಿಯನ್ನು ಕಂಡಾಗಲೂ ಆಕೆಗೆ ತೋರುವುದು ಕನಿಕರವೇ ಹೊರತು ತೀರ್ಪಲ್ಲ. ಸಂಸಾರದ ಸುಖ ಕಾಣದ ಬಾಯಿಂದ ಸಂಸಾರದ ಪರವಾದ ಮಾತು ಬರುವುದಿದೆಯಲ್ಲ, ಈ ಕಾದಂಬರಿಯ ದೊಡ್ಡತನ ಅದರಲ್ಲಿದೆ. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದಾಗ ಇದರ ಹೆಸರು ಮನೆಮನೆಗೂ ಮುಟ್ಟಿತು. ಓದಿದವರು ಅಷ್ಟೇ ಮಂದಿ ಇದ್ದಾರೆಯೇ ಎಂಬುದು ಬೇರೆ ಮಾತು.

ನನ್ನದೂ ಒಂದು ತಕರಾರಿದೆ. ಮುಟ್ಟಿದರೆ ಕಾಣುವ ಶಕ್ತಿ ಕಾದಂಬರಿಕಾರರಿಗೆ ಒದಗಿದ ಅನುಕೂಲ. ಸಾವಿರಾರು ವರ್ಷಗಳ ಹಿಂದಿನದಕ್ಕೆ ಅದು ಬೇಕಾದೀತು. ಆದರೆ ಆ ಶಕ್ತಿಯ ಬೆರಗಿನಲ್ಲಿ ಸುಬ್ಬರಾಯನೂ ಓದುಗನೂ ಸ್ವಲ್ಪ ಮೋಸ ಹೋಗುತ್ತಾರೆ. ದೇವರುಗಳಿಗೆ ದೊರೆತ ಪುಟಗಳನ್ನು, ಹತ್ತು ವರ್ಷದ ಹುಡುಗಿಯೊಬ್ಬಳು ತವರಿನ ಮೂಲೆಯಲ್ಲಿ ಕಳೆದ ದಿನಗಳಿಗೆ ದೊರೆತ ಪುಟಗಳೊಡನೆ ಹೋಲಿಸಿ ನೋಡಬೇಕು. ಅದನ್ನು ತಿಳಿಯಲು ಯಾವ ದಿವ್ಯದೃಷ್ಟಿಯೂ ಬೇಡ, ಪಕ್ಕದಲ್ಲಿ ಕುಳಿತು ಕೇಳಿದರೆ ಸಾಕಿತ್ತು. ಕಾರಂತರು ಬೇಕೆಂದೇ ಹೀಗೆ ಮಾಡಿದ್ದಾರೆ, ಸ್ವಂತ ನೋವನ್ನು ಆಕೆ ಲೋಕದ ಕಥೆಯಲ್ಲಿ ಕರಗಿಸಿದ್ದಾಳೆ ಎಂದು ವಾದಿಸಬಹುದು. ಇರಬಹುದು. ಆದರೂ ಪುಸ್ತಕ ಮುಚ್ಚಿದಾಗ ನನಗೆ ಆ ಹುಡುಗಿಯ ಮುಖ ಕಾಣಲಿಲ್ಲ, ಅಜ್ಜಿಯ ಮುಖವಷ್ಟೇ ಕಂಡಿತು.

ಮಕ್ಕಳಿಗೆ ಹಿಂದಿನದನ್ನು ಹೇಳುವುದೆಂದರೆ ಕಣ್ಣೀರನ್ನೇ ಬಡಿಸಬೇಕೆಂದು ನನ್ನ ಮಾತಿನ ಅರ್ಥವಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಪುಸ್ತಕದ ‘ಅಜ್ಜಯ್ಯನ ಅಭ್ಯಂಜನ’ವನ್ನು ನಾನೇ ಈ ಹುಡುಗಿಗೆ ಓದಿ ಹೇಳಿದ್ದೇನೆ, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಅದೂ ಮನೆತನದ ಆಸ್ತಿಯೇ. ನನ್ನ ಕಳವಳ ಬೇರೆ. ಈಗ ಮಕ್ಕಳಿಗೆಂದು ಬರುವ ‘ನಮ್ಮ ಸಂಪ್ರದಾಯ’ದ ಪುಸ್ತಕಗಳಲ್ಲಿ ನಾನು ಕಂಡವು ರಂಗೋಲಿ, ದಸರೆಯ ಗೊಂಬೆ, ಒಬ್ಬಟ್ಟು ಇವನ್ನು ಚಂದವಾಗಿ ಜೋಡಿಸಿಟ್ಟು ಅಲ್ಲಿಗೇ ನಿಲ್ಲುತ್ತವೆ. ಒಬ್ಬಟ್ಟನ್ನು ಬೇಯಿಸಿದವಳು ಯಾವ ಮೂಲೆಯಲ್ಲಿ ಕುಳಿತು ಉಂಡಳು ಎಂದು ಕೇಳುವ ಮಗುವಿಗೆ ಅವುಗಳಲ್ಲಿ ಜಾಗವಿಲ್ಲ. ಮಗು ಕೇಳದೆ ಬಿಡುವುದಿಲ್ಲ. ಸುಬ್ಬರಾಯನ ಹಾಗೆ ವಸ್ತುವನ್ನು ಕೈಯಲ್ಲಿ ಹಿಡಿದೇ ಬರುತ್ತದೆ.

ಮರುದಿನ ಹುಡುಗಿಯನ್ನು ಕರೆದು, ನಾನು ಹೇಳಿದ್ದು ಸುಳ್ಳು ಎಂದೆ. ಗೊತ್ತಿದ್ದಷ್ಟನ್ನು ಹೇಳಿದೆ: ತಲೆ ಬೋಳಿಸಿದ್ದು, ಮದುವೆಮನೆಯಲ್ಲಿ ಆಕೆ ಹೊರಗೆ ಬಾರದೆ ಇದ್ದದ್ದು, ಏಕಾದಶಿಯ ಮರುದಿನ ನಮಗೆಲ್ಲ ಅವಲಕ್ಕಿ ಕಲಸಿ ಕೈತುತ್ತು ಹಾಕುತ್ತಿದ್ದದ್ದು. ಹುಡುಗಿ ಅಳಲಿಲ್ಲ, ಅವಳು ಕೇಳಿದ್ದು “ತಾತ, ನೀವು ಯಾರೂ ಬೇಡ ಅನ್ನಲಿಲ್ಲವಾ?” ಎಂದು. ನಾನು ಆಗ ಚಿಕ್ಕವನೆಂದೆ. “ನಿಮ್ಮ ತಂದೆ?” ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಶಾಲೆಯವರು ಅಚ್ಚು ಹಾಕಿಸಿದ ಮರದಲ್ಲಿ ಇಂಥವರಿಗೆ ಚೌಕವಿಲ್ಲ. ಅವಳೇ ಪೆನ್ಸಿಲ್‌ನಿಂದ ಒಂದು ಕೊಂಬೆ ಎಳೆದು, ಚೌಕ ಮಾಡಿ, ಹೆಸರೇನು ಎಂದು ಕೇಳಿದಳು. ನನ್ನ ತಂದೆಗೆ ಸೋದರತ್ತೆ. ತಂದೆ ಕರೆದ ಹಾಗೆ ನಾವೆಲ್ಲರೂ ಕರೆದೆವು. ನೆನಪಾಗಲಿಲ್ಲ. ಶಿವಮೊಗ್ಗದಲ್ಲಿರುವ, ನನಗಿಂತ ಎಂಟು ವರ್ಷ ದೊಡ್ಡವರಾದ ನಮ್ಮ ಅಕ್ಕನಿಗೆ ಫೋನು ಮಾಡಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅತ್ತೆ ಅಂತಲೇ ಅಲ್ಲವೇನೋ ಕರೀತಿದ್ದದ್ದು” ಎಂದರು.

ಹುಡುಗಿ ಚೌಕದಲ್ಲಿ ‘ಅತ್ತೆ’ ಎಂದು ಬರೆದು, ಮುಂದೆ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟಿದ್ದಾಳೆ.