ಹೃದಯಾಘಾತದ ತೀವ್ರತೆಯ ಗುರುತುಗಳು: ಒಂದು ವಿಮರ್ಶೆ

ಹೃದಯಾಘಾತಕ್ಕೊಳಗಾದವನ ಮುಂದಿನ ಗತಿಯನ್ನು ಕೆಲವು ಗುರುತುಗಳಿಂದ ಮೊದಲೇ ಅಳೆಯುವ ಪದ್ಧತಿಗಳು ಕಳೆದ ಆರು ದಶಕಗಳಲ್ಲಿ ಹಲವು ಬಂದಿವೆ. ಅವುಗಳನ್ನು ನಿಖರತೆಯೊಂದರಿಂದಲೇ ತೂಗುವುದು ವಾಡಿಕೆಯಾಗಿದೆ. ಆ ಗುರುತು ಯಾವ ಊರಿನಲ್ಲಿ, ಎಷ್ಟು ಹೊತ್ತಿನೊಳಗೆ, ಯಾರ ಕೈಗೆ ದೊರೆತೀತು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಆನೆಗುಡ್ಡೆಯ ವಿನಾಯಕನಿಂದ ಪ್ರಸಿದ್ಧವಾದ ಕುಂಭಾಶಿಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯೇ ಮೊದಲನೆಯದಾಗುತ್ತದೆ. ಅಲ್ಲಿಂದ ಕುಂದಾಪುರ ಉತ್ತರಕ್ಕೆ ಸುಮಾರು ೯ ಕಿ.ಮೀ.; ೧೯೫೩ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮಣಿಪಾಲ ದಕ್ಷಿಣಕ್ಕೆ ೩೦ ಕಿ.ಮೀ.ಗಳಷ್ಟು ದೂರ.

ಕಿಲಿಪ್ ಮತ್ತು ಕಿಂಬಲ್ ಎಂಬ ಅಮೆರಿಕದ ವೈದ್ಯರು ೧೯೬೭ರಲ್ಲಿ ೨೫೦ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಅವರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಹೃದಯವು ಸೋತ ಲಕ್ಷಣವೇ ಇಲ್ಲದವರು ಮೊದಲನೆಯವರು. ಶ್ವಾಸಕೋಶದ ತಳದಲ್ಲಿ ಗೊರಗೊರ ಸದ್ದು ಕೇಳಿಸುವವರು ಎರಡನೆಯವರು. ಶ್ವಾಸಕೋಶಗಳಲ್ಲಿ ನೀರು ತುಂಬಿ ಏದುಸಿರು ಬಿಡುವವರು ಮೂರನೆಯವರು. ರಕ್ತದೊತ್ತಡ ಕುಸಿದು ಮೈ ತಣ್ಣಗಾದವರು ಕಡೆಯವರು. ಈ ವರ್ಗಗಳಲ್ಲಿ ಮರಣದ ಪ್ರಮಾಣ ಕ್ರಮವಾಗಿ ಶೇಕಡಾ ೬, ೧೭, ೩೮, ೮೧. ಚಿಕಿತ್ಸೆ ಸುಧಾರಿಸಿದ ಇಂದು ಈ ಅಂಕಿಗಳು ಇಳಿದಿವೆ. ಅವುಗಳ ಕ್ರಮ ಮಾತ್ರ ಕೆಟ್ಟಿಲ್ಲ. ಇದಕ್ಕೆ ಬೇಕಾದುದು ಒಂದು ಸ್ಟೆತಸ್ಕೋಪು, ಒತ್ತಡ ಅಳೆಯುವ ಪಟ್ಟಿ, ಕೇಳಬಲ್ಲ ಕಿವಿ.

ಇದು ಹಳತಾಯಿತೆನ್ನುವವರು ೨೦೦೩ರ ಗ್ರೇಸ್ ಗಣನೆಯನ್ನು ಬಿಡಿಸಿ ನೋಡಬೇಕು. ಅದರ ಎಂಟು ಅಂಶಗಳಲ್ಲಿ ವಯಸ್ಸು, ನಾಡಿಬಡಿತ, ರಕ್ತದೊತ್ತಡ, ಬಂದಾಗಲೇ ಹೃದಯ ಸ್ತಂಭಿಸಿತ್ತೇ ಎಂಬುದು, ಇದೇ ಕಿಲಿಪ್ ವರ್ಗ - ಈ ಐದೂ ಹಾಸಿಗೆಯ ಪಕ್ಕದಲ್ಲಿಯೇ ತಿಳಿಯುವಂಥವು. ಆರನೆಯದಕ್ಕೆ ಇ.ಸಿ.ಜಿ. ಬೇಕು. ಪ್ರಯೋಗಶಾಲೆಯನ್ನು ಅಪೇಕ್ಷಿಸುವವು ಕ್ರಿಯಾಟಿನಿನ್ ಮತ್ತು ಹೃದಯದ ಕಿಣ್ವ, ಎರಡೇ. ಬಹುಜನಪ್ರಿಯವಾದ ಟ್ರೋಪೋನಿನ್ ಕೂಡ ರಕ್ತದಲ್ಲಿ ಏರಲು ಕೆಲವು ತಾಸು ಹಿಡಿಯುತ್ತದೆ. ನೋವು ಬಂದ ಕೂಡಲೆ ಮಾಡಿದ ಪರೀಕ್ಷೆ ಸುಳ್ಳು ಧೈರ್ಯ ಹೇಳೀತು.

ನಮ್ಮ ನಿಜವಾದ ಆಕ್ಷೇಪವಿರುವುದು ವಯಸ್ಸಿನ ವಿಷಯದಲ್ಲಿ. ೨೦೦೦ದ ಟಿಮಿ ಗಣನೆಯ ಏಳು ಅಂಶಗಳಲ್ಲಿ ೬೫ ತುಂಬಿರುವುದು ಒಂದು. ೫೨ ದೇಶಗಳನ್ನೊಳಗೊಂಡ, ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯದವರಿಗೆ ಮೊದಲ ಆಘಾತ ಬರುವುದು ೫೩ರ ಆಸುಪಾಸಿನಲ್ಲಿ, ಇತರರಿಗಿಂತ ಐದಾರು ವರ್ಷ ಮುಂಚೆ. ಬಲೆಯೆಳೆಯುವ ಐವತ್ತರ ಮೀನುಗಾರನಿಗೆ ವಯಸ್ಸಿನ ಲೆಕ್ಕದಲ್ಲಿ ಸೊನ್ನೆಯೇ ಗತಿ. ಮರಣಸಂಭವದ ಎಣಿಕೆಯಾಗಿ ಇದು ತಪ್ಪಲ್ಲ. ಮುದುಕರು ಹೆಚ್ಚಾಗಿ ಸಾಯುವುದು ದಿಟವಷ್ಟೆ. ಆದರೆ ಯಾರನ್ನು ಮೊದಲು ಸಾಗಿಸಬೇಕೆಂಬುದಕ್ಕೆ ಇದನ್ನೇ ಒರೆಗಲ್ಲಾಗಿಸಿದರೆ, ಆ ಮನೆ ಕಳೆದುಕೊಳ್ಳಬಹುದಾದ ಇಪ್ಪತ್ತು ವರ್ಷ ಲೆಕ್ಕಕ್ಕೇ ಬಾರದೆ ಹೋಗುತ್ತದೆ.

ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ೨೦೧೮ರಿಂದ ಹಳ್ಳಿಯ ವೈದ್ಯರಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಅದರ ಚಿತ್ರವನ್ನು ವಾಟ್ಸಾಪ್ ಮೂಲಕ ತಜ್ಞರು ಓದುವ ಏರ್ಪಾಡು ಮಾಡಿದರು. ೨೦೨೩ರಲ್ಲಿ ಆರಂಭವಾದ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯದೂ ಇದೇ ದಾರಿ. ಎರಡೂ ಶ್ಲಾಘ್ಯ. ಆದರೂ ಇ.ಸಿ.ಜಿ.ಯ ಗೆರೆಗಳಲ್ಲಿ ಶ್ವಾಸಕೋಶದ ಸದ್ದು ಕೇಳಿಸದು. ಚಿತ್ರವನ್ನು ಕಳಿಸುವ ವೈದ್ಯರು ಅದರ ಕೆಳಗೆ ನಾಡಿ, ರಕ್ತದೊತ್ತಡ, ಕಿಲಿಪ್ ವರ್ಗ ಈ ಮೂರನ್ನೂ ಬರೆದು ಕಳಿಸುವುದು ಯುಕ್ತ.