ಹುಣಸೆಬೀಜದಷ್ಟು ವರಹ
ಗಂಗಾವತಿ ತಾಲ್ಲೂಕಿನ ಆನೆಗೊಂದಿ ವಿಜಯನಗರದ ಮೊದಲ ರಾಜಧಾನಿ. ಆ ಅರಸರ ಚಿನ್ನದ ವರಹ ಹುಣಸೆಬೀಜದಷ್ಟೇ ಅಗಲ, ತೂಕ ಸುಮಾರು 3.4 ಗ್ರಾಂ. ಅಷ್ಟು ಜಾಗದಲ್ಲಿ ಅಚ್ಚು ಕೊರೆದವರು ಏನೆಲ್ಲ ತುಂಬಿದ್ದಾರೆ! ಆರಂಭದ ನಾಣ್ಯಗಳಲ್ಲಿ ಹನುಮ. ಹನುಮ ಹುಟ್ಟಿದನೆನ್ನುವ ಅಂಜನಾದ್ರಿಯ ಮಗ್ಗುಲಲ್ಲಿ ಬೆಳೆದ ರಾಜ್ಯಕ್ಕೆ ಅದೆಷ್ಟು ಸಹಜ. ಎರಡನೇ ಹರಿಹರನ ಕಾಲಕ್ಕೆ ಜೊತೆಯಾಗಿ ಕುಳಿತ ಉಮಾಮಹೇಶ್ವರರು. ಕೃಷ್ಣದೇವರಾಯನ ವರಹದಲ್ಲಿ ಬೆಣ್ಣೆ ಹಿಡಿದ ಬಾಲಕೃಷ್ಣ. ಅಚ್ಯುತರಾಯನದರಲ್ಲಿ ಕೊಕ್ಕು, ಉಗುರುಗಳಲ್ಲಿ ಆನೆಗಳನ್ನೆತ್ತಿದ ಗಂಡಭೇರುಂಡ. ಹೆಚ್ಚಿನವುಗಳ ಹಿಂಬದಿಗೆ ನಾಗರಿ ಲಿಪಿಯಲ್ಲಿ ರಾಜನ ಹೆಸರು. ಇದೆಲ್ಲವನ್ನೂ ಅಚ್ಚಿನಲ್ಲಿ ತಿರುವುಮುರುವಾಗಿ, ಉಬ್ಬಬೇಕಾದದ್ದನ್ನು ತಗ್ಗಾಗಿ ಕೊರೆಯಬೇಕಿತ್ತು. ಕೂದಲೆಳೆಯಷ್ಟು ಕೈ ಜಾರಿದರೂ ದೇವರ ಮುಖವೇ ಕೆಡುತ್ತಿತ್ತು.

ಲೆಕ್ಕವೂ ಅಷ್ಟೇ ಚೊಕ್ಕ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಬರೆದಂತೆ ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತರಲ್ಲೊಂದು ಪಾಲು ಹಣ, ಹಣದ ಆರರಲ್ಲೊಂದು ಪಾಲು ಬೆಳ್ಳಿಯ ತಾರ, ತಾರದ ಮೂರರಲ್ಲೊಂದು ಪಾಲು ತಾಮ್ರದ ಜಿತಲ್. ಅರಮನೆಯ ಕಾಣಿಕೆಯಿಂದ ಸಂತೆಯ ಸೊಪ್ಪಿನವರೆಗೆ ಎಲ್ಲಕ್ಕೂ ತಕ್ಕ ನಾಣ್ಯ.

ಆ ರಾಜ್ಯದ ಗುರುತು ಇಂದಿನ ಹಣದ ಮೇಲೂ ಇದೆ: 2017ರಲ್ಲಿ ಬಂದ 50 ರೂಪಾಯಿ ನೋಟಿನ ಬೆನ್ನಿಗೆ, ಹೊಳೆಯಾಚೆಯ ಹಂಪಿಯ ಕಲ್ಲಿನ ರಥವಿದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಸಂತೆಗಳಲ್ಲಿ ಆ ನೋಟು ದಿನವೂ ಕೈ ಬದಲಾಯಿಸುತ್ತದೆ. ಅದನ್ನು ಹಿಡಿದಾಗಲೆಲ್ಲ, ತಮ್ಮ ಹೆಸರು ಬರೆದುಕೊಳ್ಳದೆ ಹೋದ ಆ ಅಚ್ಚುಗಾರರಿಗೆ ಮನಸಾರೆ ಕೈಮುಗಿಯುತ್ತೇನೆ.