ನಗರದ ಬಚ್ಚಲು, ಹಳ್ಳಿಯ ಕೆರೆ

ದಿನಕ್ಕೆ 21 ಕೋಟಿ ಲೀಟರ್ ನೀರು, 65 ಕೆರೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮಾತು ಬಂದಾಗಲೆಲ್ಲ ಮುಂದೆ ಬರುವುದು ಈ ಎರಡು ಅಂಕಿಗಳೇ. ಉತ್ತರ ಬೆಂಗಳೂರಿನ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ಬಾಗಲೂರು ಕೆರೆಯ ಮೂಲಕ ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪ್ ಮಾಡುವುದು ಸಣ್ಣ ನೀರಾವರಿ ಇಲಾಖೆಯ ಈ ಯೋಜನೆ. ಎಷ್ಟು ನೀರು ಎಂಬ ಪ್ರಶ್ನೆಗೆ ಇದು ಚೆನ್ನಾಗಿಯೇ ಉತ್ತರಿಸುತ್ತದೆ. ಎಂಥ ನೀರು ಎಂದರೆ ತಡವರಿಸುತ್ತದೆ.

ಮೊದಲು ಅದರ ಹೆಚ್ಚುಗಾರಿಕೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರ ಏರಿ ಬರುವ ಕಾವೇರಿ, ಆರ್.ಟಿ. ನಗರದ ಮನೆಗಳಲ್ಲಿ ಬಳಕೆಯಾದ ಮೇಲೆ ಕಾವೇರಿಗೆ ಮರಳುವುದಿಲ್ಲ. ಇಳಿಜಾರು ಪೂರ್ವಕ್ಕಿದೆ, ನೀರು ನಾಗವಾರ, ಎಲೆ ಮಲ್ಲಪ್ಪ ಶೆಟ್ಟಿ ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು 2007ರಲ್ಲಿ ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಪಾಲನ್ನು ಮೊಟಕುಗೊಳಿಸಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಆ ವಾದವನ್ನು ತಳ್ಳಿಹಾಕಿ ನಗರಕ್ಕೆ 4.75 ಟಿಎಂಸಿ ಹೆಚ್ಚುವರಿಯಾಗಿ ಕೊಟ್ಟಿತು. ದಿನಕ್ಕೆ 21 ಕೋಟಿ ಲೀಟರ್ ಎಂದರೆ ವರ್ಷಕ್ಕೆ ಸುಮಾರು 2.7 ಟಿಎಂಸಿ, ಅಷ್ಟು ಹೋರಾಡಿ ಪಡೆದದ್ದರ ಅರ್ಧಕ್ಕಿಂತ ಹೆಚ್ಚು. ಬಚ್ಚಲಿಗೆ ಬಿಟ್ಟ ನೀರಿಗೂ ಲೆಕ್ಕವಿದೆ ಎಂದು ತೋರಿಸಿದ್ದು, ಸಾವಿರ ಅಡಿ ಕೊರೆದರೂ ಕೊಳವೆಬಾವಿ ಬತ್ತುವ ಸೀಮೆಗೆ ಅದನ್ನು ತಲುಪಿಸಿದ್ದು ಸಣ್ಣ ಕೆಲಸವಲ್ಲ.

ತೊಡಕಿರುವುದು ಎರಡನೇ ಹಂತಕ್ಕೇ ನಿಲ್ಲುವುದರಲ್ಲಿ. ಈ ಹಂತದಲ್ಲಿ ಗಾಳಿಯೂದಿ, ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ತಿನ್ನಿಸಿ, ಕೆಸರನ್ನು ತಳಕ್ಕಿಳಿಸುತ್ತಾರೆ. ನೀರು ತಿಳಿಯಾಗಿ ಕಂಡರೂ ಸಾರಜನಕ, ರಂಜಕ ಬಹುಪಾಲು ಉಳಿಯುತ್ತವೆ. ಜಕ್ಕೂರು ಕೆರೆಯಲ್ಲಿ ಇದಕ್ಕೊಂದು ದಾರಿ ಕಾಣಸಿಗುತ್ತದೆ: ಶುದ್ಧೀಕರಣ ಘಟಕದಿಂದ ಹೊರಬಿದ್ದ ನೀರು ನೇರ ಕೆರೆಗೆ ಬೀಳದೆ ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸುಳಿದು, ಒಂದಷ್ಟು ಸಾರವನ್ನು ಗಿಡಗಳಿಗೆ ಬಿಟ್ಟುಕೊಟ್ಟು ಮುಂದೆ ಹೋಗುತ್ತದೆ. ನಗರದ ಕೆರೆಗಿರುವ ಈ ಸೋಸುವ ವ್ಯವಸ್ಥೆ ಹಳ್ಳಿಯ ಕೆರೆಗಳಿಗೂ ಕಡ್ಡಾಯವಾಗಬೇಕಿತ್ತು.

ಒಣನಾಡು ಇಸ್ರೇಲ್ ಕೂಡ ಟೆಲ್ ಅವೀವ್‌ನ ಕೊಳಚೆಯನ್ನು ಶಫ್ದಾನ್ ಘಟಕದಲ್ಲಿ ಶುದ್ಧೀಕರಿಸಿ ನೆಲಕ್ಕೆ ಇಂಗಿಸುತ್ತದೆ. ಅಲ್ಲಿ ಮರಳುನೆಲವೇ ಮುಂದಿನ ಹಂತದ ಸೋಸಕ. ಇಂಗಿಸುವ ಜಾಗದ ಸುತ್ತ ಬಾವಿಗಳ ಸಾಲು ಹೂಡಿ ನೀರನ್ನು ಮೇಲೆತ್ತಿ, ನೆಗೆವ್‌ನ ಹೊಲಗಳಿಗೆ ಕೊಳವೆಯಲ್ಲಿ ಕಳಿಸುತ್ತಾರೆ. ಕುಡಿಯುವ ನೀರಿನ ಜಲಪದರದಿಂದ ಅದನ್ನು ಬೇರೆಯಾಗಿಡುವುದು ಉದ್ದೇಶ. ನಮ್ಮಲ್ಲಿ ಅಂಥ ಬೇಲಿಯಿಲ್ಲ. ಕೆರೆಯಿಂದ ರೈತರು ನೇರವಾಗಿ ಪಂಪ್ ಹಾಕುವಂತಿಲ್ಲ, ಇದು ಅಂತರ್ಜಲ ಮರುಪೂರಣಕ್ಕೆ ಮಾತ್ರ ಎನ್ನುತ್ತದೆ ನಿಯಮ. ಇಂಗಿದ ನೀರು ಸೇರುವುದಾದರೋ ಹಳ್ಳಿಯವರು ಕುಡಿಯುವುದಕ್ಕೂ ನೆಚ್ಚಿಕೊಂಡ ಜಲಪದರವನ್ನೇ. ಬೆಂಗಳೂರಿನ ಕೊಳಚೆಯನ್ನು ಹೀಗೆಯೇ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೊರೆ ಬಂದು, ಹೈಕೋರ್ಟ್ ತಡೆ ಕೊಟ್ಟಿದ್ದು ಕಣ್ಣಮುಂದಿರುವಾಗ, ಅದರ ಬೆನ್ನಿಗೇ ಬಂದ ಹೆಬ್ಬಾಳ–ನಾಗವಾರ ಯೋಜನೆ, ಉಳಿದ ಸಾರಜನಕ, ರಂಜಕವನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣವನ್ನು ಬಿಟ್ಟುಕೊಟ್ಟೇ ಶುರುವಾಗಬಾರದಿತ್ತು.

ಮೂರನೇ ಹಂತಕ್ಕೆ ಖರ್ಚು ಹೆಚ್ಚು ಎಂಬ ಸಮರ್ಥನೆಯಿದೆ. ಖರ್ಚು ಉಳಿದಿಲ್ಲ, ವರ್ಗಾವಣೆಯಾಗಿದೆ ಅಷ್ಟೆ: ನಗರ ಹೆಬ್ಬಾಳದಲ್ಲಿ ಕಟ್ಟಬೇಕಿದ್ದ ದುಡ್ಡಿನ ಬದಲು ಹಳ್ಳಿಯ ಮಣ್ಣು, ಬಾವಿ, ಮೀನು ಆ ಹೊರೆ ಹೊರುತ್ತಿವೆ. ನಲ್ಲಿಯ ಬಿಲ್ಲಿನಲ್ಲೇ ಈ ಬಾಬ್ತು ಸೇರಲಿ. ಪ್ರತಿ ಕೆರೆಯ ಮತ್ತು ಅದರ ಸುತ್ತಲಿನ ಕೊಳವೆಬಾವಿಗಳ ಪರೀಕ್ಷಾ ವರದಿ ತಿಂಗಳಿಗೊಮ್ಮೆ ಪಂಚಾಯಿತಿಯ ಫಲಕದ ಮೇಲೆ ಬರಲಿ. ಯೋಜನೆಯನ್ನು ನಿಲ್ಲಿಸಬೇಕೆಂದು ಕೇಳುವವರಿಗೆ ಪರ್ಯಾಯ ನೀರಿಲ್ಲ ಎನ್ನುವುದು ನಿಜ. ಆ ನಿಜವನ್ನೇ ಮುಂದಿಟ್ಟು, ಕೊಟ್ಟಿದ್ದನ್ನು ಬಾಯಿಮುಚ್ಚಿ ತೆಗೆದುಕೊಳ್ಳಿ ಎನ್ನುವುದು ನೀರಾವರಿ ನೀತಿಯಲ್ಲ.